ಬೋಳು ಬೇಣದಲ್ಲಿ ಮರ ಬೆಳೆಸಿ ಕಾರ್ಬನ್ ಕ್ರೆಡಿಟ್: ಶಿರಸಿ, ಕಾರವಾರ ಕಡೆಯವರು ಎಲ್ಲಿಂದ ಶುರು ಮಾಡ್ಬೇಕು

ಘಟ್ಟದ ಮೇಲೆ ಶಿರಸಿ ಸಿದ್ದಾಪುರ ಕಡೆ ತೋಟದ ತಲೆ ಮೇಲಿನ ಬೇಣ (ಹುಲ್ಲು ಬೆಳೆಯೋ ಗುಡ್ಡ), ಘಟ್ಟದ ಕೆಳಗೆ ಕುಮಟಾ ಅಂಕೋಲಾ ಕಾರವಾರ ಕಡೆ ಮನೆ ಹಿಂದಿನ ಗುಡ್ಡ, ಎರಡೂ ಕಡೆ ಪರಿಸ್ಥಿತಿ ಒಂದೇ. ಮುಂಚೆ ದನ ಮೇಯ್ತಿತ್ತು, ಕರಡ (ಒಣಹುಲ್ಲು) ಕೊಯ್ತಿದ್ರು, ಈಗ ಕೊಟ್ಟಿಗೇಲಿ ದನ ಎರಡೋ ಮೂರೋ ಅಷ್ಟೆ, ಜಾಗ ಮಾತ್ರ ಯುಪಟೋರಿಯಂ ಕಳೆ ತುಂಬ್ಕೊಂಡು, ಮೇಲ್ಮಣ್ಣು ಮಳೆಗೆ ತೊಳ್ದು ಹೋಗಿ, ಜಂಬಿಟ್ಟಿಗೆ ಕಲ್ಲು ಎದ್ದು ಕಾಣ್ತಾ ಬಿದ್ದಿದೆ. ಇಲ್ಲಿ ಸಾಗುವಾನಿ ಹಾಕಿದ್ರೆ ಕಾರ್ಬನ್ ಕ್ರೆಡಿಟ್ (ಮರ ಹೀರಿಟ್ಟ ಕಾರ್ಬನ್ ಡೈಆಕ್ಸೈಡ್ ಅಳೆದು ಕೊಡೋ, ಮಾರಬಹುದಾದ ಪ್ರಮಾಣಪತ್ರ) ದುಡ್ಡು ಬರತ್ತಂತೆ ಹೌದಾ ಅಂತ ಸುಮಾರು ಜನ ಕೇಳ್ತಾರೆ. ಬರತ್ತೆ, ಆದ್ರೆ ನೀವು ಅಂದ್ಕೊಂಡಷ್ಟು ಬರಲ್ಲ, ಅಂದ್ಕೊಂಡಷ್ಟು ಬೇಗನೂ ಬರಲ್ಲ. ಮರ ಖಂಡಿತ ನೆಡಿ, ಆದ್ರೆ ಮರಕ್ಕೋಸ್ಕರ, ಸೊಪ್ಪಿಗೋಸ್ಕರ, ಕೆಳಗಿನ ತೋಟದ ನೀರಿಗೋಸ್ಕರ ನೆಡಿ, ಕಾರ್ಬನ್ ದುಡ್ಡು ಅದರ ಮೇಲೆ ಬಂದಿದ್ದು ಅಂತ ಇಟ್ಕೊಳ್ಳಿ. ಯಾಕೆ ಹೀಗೆ ಹೇಳ್ತೀನಿ ಅನ್ನೋದು ಲೆಕ್ಕ ಹಾಕೋವಾಗ ಗೊತ್ತಾಗತ್ತೆ.

ಮೊದ್ಲು ಪಹಣಿ ತೆಗೀರಿ

ಹಾರೆ ಗುದ್ದಲಿ ಆಮೇಲೆ. ಜಾಗ ಯಾರ ಹೆಸರಲ್ಲಿದೆ, ಯಾವ ನಮೂದಲ್ಲಿದೆ ಅನ್ನೋದು ಸ್ಪಷ್ಟ ಇಲ್ದೇ ಇದ್ರೆ ಒಂದು ಕ್ರೆಡಿಟ್ಟೂ ಹುಟ್ಟಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಇದು ಬೇರೆ ಕಡೆಗಿಂತ ಜಾಸ್ತಿ ಗೋಜಲು. ಸೊಪ್ಪಿನ ಬೆಟ್ಟ ನಿಮ್ಮ ತೋಟಕ್ಕೆ ಸೇರಿದ್ದು ಅಂತ ತಲೆತಲಾಂತರದಿಂದ ಅಂದ್ಕೊಂಡಿರ್ತೀರಿ, ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಬಿಟ್ಟಿದಾರೆ ನಿಜ, ಆದ್ರೆ ಅದು ಸೊಪ್ಪು, ದರಕು (ಒಣ ಎಲೆ) ತರೋ ಹಕ್ಕು, ಭೂಮಿ ಸರ್ಕಾರದ್ದೇ. ಅಲ್ಲಿ ಗಿಡ ನೆಟ್ಟು ಕಾಪಾಡೋದು ಒಳ್ಳೇ ಕೆಲಸ, ಕ್ರೆಡಿಟ್ ಮಾತ್ರ ನಿಮ್ಮದು ಅಂತ ಮಾರೋಕಾಗಲ್ಲ. ಅತಿಕ್ರಮಣದ ಜಾಗ, ಗೋಮಾಳ, ಡೀಮ್ಡ್ ಫಾರೆಸ್ಟ್ (ಕಾಡು ಅಂತ ಪರಿಗಣಿಸಿದ ಜಾಗ) ಪಟ್ಟಿಗೆ ಸೇರಿದ ಸರ್ವೆ ನಂಬರ್, ಇವೆಲ್ಲ ಬಿಟ್ಬಿಡಿ. ಮಾಲ್ಕಿ (ಸ್ವಂತ) ಜಾಗ ಆಗಿದ್ದು, ಪಹಣಿಯ ಹೆಸರು, ಪೋಡಿ, ನಕಾಶೆ ಮೂರೂ ಒಂದಕ್ಕೊಂದು ತಾಳೆ ಆದ್ರೆ ಮಾತ್ರ ಮುಂದೆ ಹೋಗಿ. ಜಂಟಿ ಖಾತೆ ಆಗಿದ್ರೆ ಬೆಂಗಳೂರಲ್ಲಿರೋ ಅಣ್ಣ ತಮ್ಮ, ಮದುವೆಯಾಗಿ ಹೋದ ಅಕ್ಕ ತಂಗಿ, ಹೆಸರಿರೋರೆಲ್ಲ ಸಹಿ ಹಾಕ್ಬೇಕು, ಯಾಕಂದ್ರೆ ಇದು ಒಂದೆರಡು ವರ್ಷದ ಕರಾರಲ್ಲ, 40 ವರ್ಷದ ಮಾತು.

ಜಾಗ ನೋಡ್ಕೊಂಡು ಬನ್ನಿ, ಮಳೆಗಾಲದಲ್ಲೂ ಒಂದ್ಸಲ ಬೇಸಿಗೇಲೂ ಒಂದ್ಸಲ

ಎಲ್ಲಾ ಬೋಳು ಜಾಗನೂ ಹಾಳಾದ ಜಾಗ ಅಲ್ಲ. ಕರಾವಳಿ ಕಡೆ ಕೆಲವು ಗುಡ್ಡದ ನೆತ್ತಿ ಪೂರ್ತಿ ಕಲ್ಲು ಹಾಸು, ನಾಲ್ಕು ಬೆರಳು ಮಣ್ಣೂ ಇರಲ್ಲ, ಆದ್ರೆ ಆಗಸ್ಟ್ ಸೆಪ್ಟೆಂಬರಲ್ಲಿ ನೋಡಿದ್ರೆ ನೀಲಿ ಬಿಳಿ ಸಣ್ಣ ಹೂವಿನ ಹಾಸು, ಬೇರೆಲ್ಲೂ ಬೆಳೀದೇ ಇರೋ ಗಿಡಗಳು ಅಲ್ಲಿರ್ತವೆ. ಅಲ್ಲಿ ಗುಂಡಿ ತೋಡೋದು ತಪ್ಪು, ಗಿಡನೂ ಬದುಕಲ್ಲ, ಇದ್ದಿದ್ದೂ ಹೋಗತ್ತೆ. ಅದನ್ನ ಹಾಗೇ ಬಿಟ್ಟು ಇಳಿಜಾರು, ಕಣಿವೆ ಅಂಚು, ಮಣ್ಣಿರೋ ಕಡೆ ಕೆಲಸ ಮಾಡಿ.

ಮಣ್ಣಿನ ಆಳ ತಿಳ್ಕೊಳ್ಳೋಕೆ ನಾಲ್ಕೈದು ಕಡೆ ಎರಡಡಿ ಗುಂಡಿ ತೋಡಿಸಿ. ಹಾರೆ ಒಂದಡಿಗೇ ಟಣ್ ಅಂದ್ರೆ ಅಲ್ಲಿ ದೊಡ್ಡ ನಾಟಾ (ದಿಮ್ಮಿ) ಮರದ ಆಸೆ ಬೇಡ, ಗೇರು, ಮುರುಗಲು, ನೇರಳೆ ತರದ್ದು ಹಾಕಿ. ಗುಂಡಿಗೆ ಒಂದು ಕೊಡ ನೀರು ಹೊಯ್ದು ಮಾರನೇ ದಿನ ಹೋಗಿ ನೋಡಿ, ನೀರು ಇನ್ನೂ ನಿಂತಿದ್ರೆ ಸಾಗುವಾನಿ ಅಲ್ಲಿ ಏಳಲ್ಲ.

ಇನ್ನೊಂದು ಮಾತು, ಇದನ್ನ ತುಂಬ ಜನ ಗಮನಿಸಲ್ಲ. ಬೇಣದಲ್ಲಿ ಹುಲ್ಲಿನ ಮಧ್ಯೆ ಬಗ್ಗಿ ನೋಡಿ, ಮೊಳಕಾಲೆತ್ತರದ ಕುರುಚಲು ಇರತ್ತಲ್ಲ, ದನ ಕಚ್ಚಿ ಕಚ್ಚಿ, ಕತ್ತಿಗೆ ಸಿಕ್ಕಿ ಸಿಕ್ಕಿ ಬುಡ ಗಂಟುಗಂಟಾಗಿರೋದು, ಅದು ಬರೀ ಕುರುಚಲಲ್ಲ, ಮತ್ತಿ, ಕಿಂದಳ, ನೇರಳೆ, ಕೌಲು ಮರಗಳ ಹಳೇ ಬೇರು. ಮೇಲೆ ಎರಡಡಿ ಇದ್ರೂ ಕೆಳಗೆ ಬೇರು ಎಷ್ಟೋ ವರ್ಷದ್ದು. ದನ ಮತ್ತೆ ಬೆಂಕಿ ಎರಡನ್ನ ತಡೆದು ಬಿಟ್ರೆ ಅದು ಎರಡೇ ಮಳೆಗಾಲದಲ್ಲಿ ಆಳೆತ್ತರ ಹೋಗತ್ತೆ, ನೀವು ನರ್ಸರಿಯಿಂದ ತಂದ ಸಸಿ ಆ ಓಟಕ್ಕೆ ಬರೋದೇ ಇಲ್ಲ. ಹಾಗಾಗಿ ಜೆಸಿಬಿ ತಂದು ಎಲ್ಲಾ ಬೋಳಿಸಿ ಸಾಲು ಸಾಲು ನೆಡೋ ಕೆಲಸ ಮಾಡ್ಬೇಡಿ. ಪ್ರತಿ ಬುಡದಲ್ಲಿ ಒಂದೆರಡು ನೇರ ಚಿಗುರು ಬಿಟ್ಟು ಉಳಿದದ್ದು ಸವರಿ, ಖಾಲಿ ಜಾಗದಲ್ಲಿ ಮಾತ್ರ ಹೊಸ ಸಸಿ ಹಾಕಿ. ಕಾರ್ಬನ್ ನಿಯಮದಲ್ಲೂ ಹೀಗೆ ನೆರವು ಕೊಟ್ಟು ಸಹಜವಾಗಿ ಬೆಳೆಸಿದ್ದಕ್ಕೆ ಅವಕಾಶ ಇದೆ. ತದ್ವಿರುದ್ಧವಾಗಿ, ಕ್ರೆಡಿಟ್ ಆಸೆಗೆ ಇರೋ ಕಾಡು ಕಡಿದು ಹೊಸದಾಗಿ ನೆಟ್ರೆ ಆ ಜಾಗ ಪ್ರಾಜೆಕ್ಟಿಂದನೇ ಹೊರಗೆ: ಕಾರ್ಬನ್ ಕ್ರೆಡಿಟ್ ನೋಂದಾಯಿಸೋ ಅಂತರರಾಷ್ಟ್ರೀಯ ಸಂಸ್ಥೆ ವೆರಾದ ನಿಯಮ ಪ್ರಕಾರ ಹಿಂದಿನ 10 ವರ್ಷದಲ್ಲಿ ಸಹಜ ಸಸ್ಯರಾಶಿ ಕಡಿದ ಜಾಗ ಆಗಿರ್ಬಾರ್ದು, ಹಳೇ ಸ್ಯಾಟಲೈಟ್ ಫೋಟೋ ತೆಗೆದು ನೋಡೇ ನೋಡ್ತಾರೆ.

ಕೆಲಸಕ್ಕೆ ಕೈ ಹಾಕೋ ಮುಂಚೆ ಮೊಬೈಲಲ್ಲಿ ಜಿಪಿಎಸ್ ಆನ್ ಇಟ್ಕೊಂಡು ಜಾಗದ ನಾಲ್ಕೂ ಮೂಲೆ, ಮಧ್ಯದಿಂದ ನಾಲ್ಕು ದಿಕ್ಕು ಫೋಟೋ ತೆಗೀರಿ, ಈಗಿರೋ ಮರ ಎಣಿಸಿ ಸುತ್ತಳತೆ ಬರ್ಕೊಳ್ಳಿ. ಆಗಲೇ ಇದ್ದ ಮರಕ್ಕೆ ಕ್ರೆಡಿಟ್ ಇಲ್ಲ, ಹೊಸದಾಗಿ ಸೇರಿದ್ದಕ್ಕೆ ಮಾತ್ರ, ಹಾಗಾಗಿ ಮೊದಲು ಏನಿತ್ತು ಅನ್ನೋ ದಾಖಲೆ ಇಲ್ದಿದ್ರೆ ಮುಂದಿನ ಲೆಕ್ಕಕ್ಕೆ ಬುಡನೇ ಇಲ್ಲ.

ದನದ ಮಾತು, ನೆರೆಯವರ ಜೊತೆ

ನಿಮ್ಮ ಬೇಣದಲ್ಲಿ ಪಕ್ಕದ ಮನೆಯ ಮಲೆನಾಡು ಗಿಡ್ಡ ದನ ಮೇಯ್ತಿರತ್ತೆ. ಬೇಲಿ ಹಾಕಿದ ತಕ್ಷಣ ಆ ದನ ಎಲ್ಲಿ ಹೋಗತ್ತೆ? ಪಕ್ಕದ ಕಾಡಿಗೆ ಹೋಗಿ ಅಲ್ಲಿನ ಸಸಿ ತಿಂದ್ರೆ ಅದನ್ನ ಲೀಕೇಜ್ ಅಂತ ಲೆಕ್ಕ ಹಾಕಿ ನಿಮ್ಮ ಕ್ರೆಡಿಟ್ಟಲ್ಲಿ ಕಳೀತಾರೆ. ಅದಕ್ಕಿಂತ ಮುಖ್ಯ, ಊರಲ್ಲಿ ಮನಸ್ತಾಪ ಮಾಡ್ಕೊಂಡು ಬೆಳೆಸಿದ ಗಿಡ ಉಳಿಯಲ್ಲ, ಬೇಸಿಗೇಲಿ ಒಂದು ಬೆಂಕಿಕಡ್ಡಿ ಸಾಕು. ಹಾಗಾಗಿ ಮೊದ್ಲೇ ಕೂತು ಮಾತಾಡಿ, ಒಂದು ಭಾಗ ಮೇಯೋಕೆ ಬಿಡಿ, ಬೇಲಿ ಒಳಗಿನ ಹುಲ್ಲನ್ನ ಅವರೇ ಕೊಯ್ಕೊಂಡು ಹೋಗ್ಲಿ. ಇದ್ರಿಂದ ನಿಮ್ಗೇ ಲಾಭ, ನವೆಂಬರ್ ಡಿಸೆಂಬರಲ್ಲಿ ಕರಡ ಕೊಯ್ದು ಹೋದ್ರೆ ಮಾರ್ಚಲ್ಲಿ ಹತ್ಕೊಳ್ಳೋಕೆ ಏನೂ ಉಳಿದಿರಲ್ಲ.

ಬೇಲಿಗೆ ಅಗಳ (ಕಂದಕ) ತೋಡ್ಸಿ, ಅಗಳದ ಏರಿ ಮೇಲೆ ಗ್ಲಿರಿಸಿಡಿಯಾ ಗೂಟ ಊರಿ, ಅದು ಗೊಬ್ಬರದ ಸೊಪ್ಪಿಗೂ ಆಯ್ತು. ಉಣಗೋಲು (ಬೇಲಿಯ ಬಾಗಿಲು) ಒಂದೇ ಕಡೆ ಇಡಿ. ಕಾಡುಕೋಣ ಓಡಾಡೋ ಜಾಗ ಆದ್ರೆ ಅಗಳ ಬೇಲಿ ಯಾವುದೂ ನಿಲ್ಲಲ್ಲ, ಅವುಗಳ ದಾರಿ ಬಿಟ್ಟು ನೆಡೋದೊಂದೇ ಉಪಾಯ.

ಯಾವ ಮರ

ಎಲ್ಲರೂ ಮೊದ್ಲು ಕೇಳೋದು ಸಾಗುವಾನಿ. ಹಳಿಯಾಳ, ದಾಂಡೇಲಿ, ಮುಂಡಗೋಡ, ಯಲ್ಲಾಪುರದ ಪೂರ್ವ ಭಾಗದಲ್ಲಿ ಸಾಗುವಾನಿ ಚೆನ್ನಾಗಿ ಬರತ್ತೆ, ಅದು ಅದರದ್ದೇ ನಾಡು. ಆದ್ರೆ 3000 ಮಿಲಿಮೀಟರ್ ಮೇಲೆ ಮಳೆ ಹೊಡಿಯೋ ಕರಾವಳಿಯ ಜಂಬಿಟ್ಟಿಗೆ ಗುಡ್ಡದಲ್ಲಿ ಅದು ಬೆಳೆದಂಗೆ ಕಾಣಿಸಿ ಒಂದು ಹಂತಕ್ಕೆ ನಿಂತುಬಿಡತ್ತೆ. ಮಳೆ ಶುರುವಾದಾಗ ಹುಳ ಬಿದ್ದು ಎಲೆಯೆಲ್ಲ ಜರಡಿ ಆಗೋದು ಬೇರೆ. ಅಕೇಶಿಯಾ ಬೇಗ ಬರತ್ತೆ ನಿಜ, ನಮ್ಮ ಜಿಲ್ಲೆ ಗುಡ್ಡಗಳಲ್ಲಿ ಅದನ್ನ ಬೇಕಾದಷ್ಟು ಹಾಕಿ ಆಗಿದೆ, ಕೆಳಗೆ ಬೇರೇನೂ ಏಳದಿರೋದನ್ನ ಕಣ್ಣಾರೆ ನೋಡ್ತಾನೇ ಇದೀವಿ. 1983ರಲ್ಲಿ ಶಿರಸಿ ಹತ್ರ ಸಾಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತಿದ್ದು ಸಹಜ ಕಾಡು ಉಳಿಸೋಕೆ, ಅಪ್ಪಿಕೋ ಚಳವಳಿ ಕಾಡು ಕಡಿದು ಒಂದೇ ಜಾತಿ ನೆಡೋದರ ವಿರುದ್ಧವೂ ಮಾತಾಡಿತ್ತು. ಆ ಊರುಗಳಲ್ಲೇ ನಾವು ಈಗ ಕ್ರೆಡಿಟ್ ಹೆಸರಲ್ಲಿ ಒಂದೇ ಜಾತಿ ಮರ ತುಂಬೋದು ನನಗಂತೂ ಸರಿ ಕಾಣಲ್ಲ.

ಮಿಶ್ರ ಮಾಡಿ. ನಾಟಾಕ್ಕೆ ಹೊನ್ನೆ, ಮತ್ತಿ, ನಂದಿ, ಕಿಂದಳ, ಶಿವಣೆ, ಹೆಬ್ಬಲಸು, ಸ್ವಲ್ಪ ಬೀಟೆ. ಬೀಟೆ ನಿಧಾನ, ಅದು ಮೊಮ್ಮಕ್ಕಳಿಗೆ. ಹಣ್ಣು ಕಾಯಿಗೆ ಉಪ್ಪಾಗೆ, ಮುರುಗಲು, ಹಲಸು, ಅಪ್ಪೆಮಾವು, ವಾಟೆ. ಮುರುಗಲಲ್ಲಿ ಗಂಡು ಹೆಣ್ಣು ಗಿಡ ಬೇರೆ ಬೇರೆ, ಬೀಜದ ಸಸಿ ಹಾಕಿದ್ರೆ ಸುಮಾರು ಅರ್ಧ ಗಂಡಾಗತ್ತೆ, ಕಾಯಿ ಬೇಕಿದ್ರೆ ಕಸಿ ಗಿಡ ತನ್ನಿ. ಬೇಗ ದುಡ್ಡು ಬೇಕು ಅನ್ನೋರು ಮಣ್ಣು ಚೆನ್ನಾಗಿರೋ ಕಡೆ ನಾಲ್ಕು ಸಾಲಿಗೊಂದು ಸಾಲು ಹೆಬ್ಬೇವು ಹಾಕ್ಬಹುದು. ಕಾರವಾರ ಅಂಕೋಲಾದಲ್ಲಿ ಸಮುದ್ರದ ಉಪ್ಪುಗಾಳಿ ನೇರ ಬೀಸೋ ಜಾಗ ಆದ್ರೆ ಪಶ್ಚಿಮದ ಅಂಚಿಗೆ ಮೊದ್ಲು ಗಾಳಿಮರ, ಸುರಹೊನ್ನೆ ಎಬ್ಬಿಸಿ, ಅದರ ಮರೆಯಲ್ಲಿ ಉಳಿದದ್ದು. ಸಸಿಗೆ ಅರಣ್ಯ ಇಲಾಖೆ ನರ್ಸರಿಗೆ ಫೆಬ್ರವರಿ ಮಾರ್ಚಲ್ಲೇ ಹೇಳಿಡಿ, ಜೂನಲ್ಲಿ ಹೋದ್ರೆ ಉಳಿದಿರೋದು ಸಿಗತ್ತೆ. ಯಾವ ಮಣ್ಣಿಗೆ ಯಾವ ಜಾತಿ ಅಂತ ಗೊಂದಲ ಇದ್ರೆ ಶಿರಸಿಯ ಅರಣ್ಯ ಮಹಾವಿದ್ಯಾಲಯ ಇದೆಯಲ್ಲ, ಮಣ್ಣಿನ ಸ್ಯಾಂಪಲ್ ಹಿಡ್ಕೊಂಡು ಹೋಗಿ ಕೇಳಿ.

ಗುಂಡಿ, ನಾಟಿ

ಏಪ್ರಿಲ್ ಮೇ ತಿಂಗಳಲ್ಲಿ ಒಂದೂವರೆ ಅಡಿ ಉದ್ದ ಅಗಲ ಆಳದ ಗುಂಡಿ, ಗಟ್ಟಿ ಕಲ್ಲಿನ ಕಡೆ ಎರಡಡಿ. ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ಕೆಳಗಿನ ಕೆಂಪು ಗೊಚ್ಚು ಇನ್ನೊಂದು ಕಡೆ ಹಾಕ್ಸಿ, ತುಂಬೋವಾಗ ಮೇಲ್ಮಣ್ಣು, ದರಕು, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ. ಸಾಲಿಂದ ಸಾಲಿಗೆ ಗಿಡದಿಂದ ಗಿಡಕ್ಕೆ 4 ಮೀಟರ್ ಇಟ್ರೆ ಎಕರೆಗೆ 250 ಗಿಡ, 3 ಮೀಟರ್ ಇಟ್ರೆ ಸುಮಾರು 450. ಬೇಣದಲ್ಲಿ ಆಗಲೇ ಚಿಗುರು ಬುಡ ಇರೋದ್ರಿಂದ 4 ಮೀಟರ್ ಸಾಕು.

ನಮ್ಮ ಕಡೆ ಗಿಡ ಸಾಯೋದು ನೀರಿಲ್ದೇ ಮಾತ್ರ ಅಲ್ಲ, ಜುಲೈನಲ್ಲಿ ನೀರು ಜಾಸ್ತಿ ಆಗಿಯೂ ಸಾಯತ್ತೆ. ಕಲ್ಲಲ್ಲಿ ತೋಡಿದ ಗುಂಡಿ ತೊಟ್ಟಿ ಆಗಿಬಿಡತ್ತೆ, ಬೇರು ಕೊಳೆಯತ್ತೆ. ಅದಕ್ಕೆ ಗುಂಡಿ ತುಂಬಿದ ಮೇಲೆ ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿ, ಆ ದಿಬ್ಬದ ಮೇಲೆ ಸಸಿ ಕೂರ್ಸಿ, ಇಳಿಜಾರಿನ ಕೆಳಗಡೆಗೆ ನೀರು ಹೋಗೋ ಹಾಗೆ ಸಣ್ಣ ಕಾಲುವೆ ಬಿಡಿ. ಜೂನ್ ಮೊದಲ ಮಳೆ ಬಿದ್ದು ನೆಲ ನೆನೆದ ತಕ್ಷಣ ನೆಟ್ರೆ ದೊಡ್ಡ ಮಳೆ ಹಿಡಿಯೋದ್ರೊಳಗೆ ಬೇರು ಕಚ್ಕೊಂಡಿರತ್ತೆ. ಪ್ಲಾಸ್ಟಿಕ್ ಕೊಟ್ಟೆ ಹರಿದು ತೆಗೆದು ವಾಪಸ್ ತನ್ನಿ. ಇಳಿಜಾರಿಗೆ ಅಡ್ಡಲಾಗಿ ಅಲ್ಲಲ್ಲಿ ಇಂಗುಗುಂಡಿ ಮಾಡ್ಸಿ, ಜನವರಿ ನಂತರ ಗಿಡಕ್ಕೂ ಕೆಳಗಿನ ತೋಟದ ಬಾವಿಗೂ ಅದೇ ಆಧಾರ.

ಮೊದಲ ಮೂರು ವರ್ಷ

ಸೆಪ್ಟೆಂಬರಲ್ಲಿ ಬುಡದ ಸುತ್ತ ಕಳೆ ಕಿತ್ತು ಅದನ್ನೇ ಹೊದಿಕೆ ಹಾಕಿ. ಯುಪಟೋರಿಯಂ ಹೂ ಬಿಡೋ ಮುಂಚೆ ಸವರ್ಬೇಕು, ಡಿಸೆಂಬರ್ ದಾಟಿದ್ರೆ ಬೀಜ ಹಾರಿ ಮತ್ತೆ ಅಷ್ಟೇ ಬರತ್ತೆ. ದರಕು ಬುಡಕ್ಕೆ ತಾಗಿಸಿ ಒಟ್ಟಿದ್ರೆ ಒರಲೆ (ಗೆದ್ದಲು) ಹಿಡಿಯತ್ತೆ, ನಾಲ್ಕು ಬೆರಳು ಬಿಟ್ಟು ಹಾಕಿ. ಮೊದಲ ಬೇಸಿಗೆ ಮಾರ್ಚ್‌ನಿಂದ ಮೇ ತನಕ ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕಲು ಸಾಧ್ಯ ಇದ್ರೆ ಬದುಕೋ ಗಿಡದ ಸಂಖ್ಯೆ ತುಂಬ ಬದಲಾಗತ್ತೆ. ಸತ್ತ ಕಡೆ ಮುಂದಿನ ಜೂನಲ್ಲಿ ಮರುನಾಟಿ.

ಜನವರಿ ಮುಗಿಯೋದ್ರೊಳಗೆ ಗಡಿ ಸುತ್ತ ಮೂರು ನಾಲ್ಕು ಮೀಟರ್ ಅಗಲಕ್ಕೆ ಹುಲ್ಲು ಕೆರೆದು ಫೈರ್‌ಲೈನ್ ಮಾಡಿ, ರಸ್ತೆ ಪಕ್ಕದ ಜಾಗ ಆದ್ರೆ ಆ ಕಡೆ ಇನ್ನೂ ಅಗಲ. ಐದು ವರ್ಷ ಬೆಳೆಸಿದ್ದು ಒಂದು ಮಧ್ಯಾಹ್ನದಲ್ಲಿ ಹೋಗೋದು ಬೆಂಕಿಯಿಂದ ಮಾತ್ರ.

ಈ ಹಂತದಲ್ಲಿ ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಬಿಡಬೇಡಿ. ಬದುಕಿರೋ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ, ಒಟ್ಟು 125, ಹೆಕ್ಟೇರಿಗೆ 400 ಗಿಡದ ಮಿತಿಯಲ್ಲಿ. ಅಂದ್ರೆ ಎಕರೆಗೆ ಸುಮಾರು 160 ಗಿಡ, ಎಲ್ಲಾ ಬದುಕಿದ್ರೆ 20 ಸಾವಿರ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರೀಲಿ ನಾಟಿಗೆ ಮುಂಚೆ ಹೆಸರು ನೋಂದಾಯಿಸಿ, ಈ ವರ್ಷದ ದರ ಅಲ್ಲೇ ಖಚಿತ ಮಾಡ್ಕೊಳ್ಳಿ. ಈ 20 ಸಾವಿರ ನೆನಪಿಡಿ, ಈಗ ಕಾರ್ಬನ್ ಲೆಕ್ಕಕ್ಕೆ ಬರೋಣ.

ಒಂದು ಮರದಲ್ಲಿ ಎಷ್ಟು ಕಾರ್ಬನ್

ಒಂದು ಕ್ರೆಡಿಟ್ ಅಂದ್ರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ಟೇಪ್ ತಗೊಂಡು ನಿಮ್ಮ ಹಿತ್ಲಲ್ಲಿರೋ ಒಂದು ಮರ ಅಳೀರಿ, ನೆಲದಿಂದ 1.37 ಮೀಟರ್, ಅಂದ್ರೆ ನಾಲ್ಕೂವರೆ ಅಡಿ ಎತ್ತರದಲ್ಲಿ. ಸುತ್ತಳತೆ 63 ಸೆಂಟಿಮೀಟರ್ ಬಂತು ಅಂದ್ಕೊಳ್ಳಿ, 3.14ರಿಂದ ಭಾಗಿಸಿದ್ರೆ ವ್ಯಾಸ 20 ಸೆಂಟಿಮೀಟರ್. ಎತ್ತರ 12 ಮೀಟರ್, ಮರದ ಸಾಂದ್ರತೆ ಸಾಗುವಾನಿ ತರ 0.6. ಉಷ್ಣವಲಯದ ಮರಗಳಿಗೆ ವಿಜ್ಞಾನಿಗಳು ಬಳಸೋ ಸೂತ್ರಕ್ಕೆ ಹಾಕಿದ್ರೆ ನೆಲದ ಮೇಲಿನ ಒಣ ತೂಕ ಹೆಚ್ಚುಕಮ್ಮಿ 160 ಕೆಜಿ. ಬೇರಿಗೆ ಕಾಲು ಭಾಗ ಸೇರಿಸಿ, 200. ಒಣ ಮರದಲ್ಲಿ ಇಂಗಾಲ 47 ಪರ್ಸೆಂಟ್, ಅಂದ್ರೆ 94 ಕೆಜಿ. ಅದನ್ನ 3.67ರಿಂದ ಗುಣಿಸಿದ್ರೆ ಕಾರ್ಬನ್ ಡೈಆಕ್ಸೈಡ್ 345 ಕೆಜಿ. ಇಂಥ ಮೂರು ಮರ ಸೇರಿದ್ರೆ ಒಂದು ಕ್ರೆಡಿಟ್. ಅದೇ ಹತ್ತು ಸೆಂಟಿಮೀಟರ್ ಸುತ್ತಳತೆಯ, ಹತ್ತಡಿ ಎತ್ತರದ ಎಳೇ ಗಿಡದಲ್ಲಿ ಎಷ್ಟು ಗೊತ್ತಾ, ಬರೀ ಎರಡೂವರೆ ಕೆಜಿ. ಮೊದಲ ಐದು ವರ್ಷ ಕೈಗೆ ಏನೂ ಬರಲ್ಲ ಅಂತ ಹೇಳೋದು ಇದಕ್ಕೇ.

ಎಕರೆಗೆ 250 ನೆಟ್ಟು 20 ವರ್ಷಕ್ಕೆ 150 ಮರ ಈ 63 ಸೆಂಟಿಮೀಟರ್ ಮುಟ್ಟಿದ್ವು ಅಂದ್ರೆ 52 ಟನ್. ಅದ್ರಲ್ಲಿ ಬಫರ್ ಅಂತ ಒಂದು ಪಾಲು ಹಿಡ್ಕೋತಾರೆ, ಸೊಸೈಟೀಲಿ ಸಾಲ ಕೊಡೋವಾಗ ಷೇರು ಮುರ್ಕೊಂಡ ಹಾಗೆ, ಬೆಂಕಿ ಬಿದ್ದು ಮರ ಹೋದ್ರೆ ಆ ನಷ್ಟ ತುಂಬೋಕೆ. 15 ಪರ್ಸೆಂಟ್ ಹಿಡಿದ್ರು ಅಂದ್ರೆ ಉಳಿದದ್ದು 44. ಟನ್ನಿಗೆ ಸಾವಿರ ರೂಪಾಯಿ ಅಂತ ಇಟ್ಕೊಂಡು, ಅರ್ಧ ಪ್ರಾಜೆಕ್ಟ್ ನಡೆಸೋ ಕಂಪನಿಗೆ ಅರ್ಧ ನಿಮಗೆ ಅಂದ್ರೆ ಎಕರೆಗೆ 22 ಸಾವಿರ, ಇಪ್ಪತ್ತು ವರ್ಷಕ್ಕೆ. ಕೃಷಿ ಅರಣ್ಯ ಯೋಜನೆ ಮೂರು ವರ್ಷದಲ್ಲಿ ಕೊಡೋದೂ ಹತ್ತಿರತ್ತಿರ ಅಷ್ಟೇ. ರೇಟು ಎರಡು ಪಟ್ಟು ಆದ್ರೂ ಗುಂಡಿ ತೋಡೋ ಕೂಲಿ, ಮೂರು ವರ್ಷದ ಕಳೆ ಖರ್ಚು ನಿಮ್ಮೂರ ದರದಲ್ಲಿ 250 ಗಿಡಕ್ಕೆ ಹಾಕಿ ನೋಡಿ. ಕಾರ್ಬನ್ ದುಡ್ಡೊಂದನ್ನೇ ನಂಬಿ ಸಾಲ ಮಾಡಿ ಗಿಡ ನೆಡಬೇಡಿ ಅಂತ ಕಳಕಳಿಯಿಂದ ಹೇಳ್ತಿರೋದು ಇದಕ್ಕೆ.

ಕಡಿಯೋ ಪ್ಲಾನ್ ಇದ್ರೆ ಇನ್ನೊಂದು ನಿಯಮ ಇದೆ. 20 ವರ್ಷಕ್ಕೆ ಪೂರ್ತಿ ಕಡಿದು ಮತ್ತೆ ನೆಡ್ತೀನಿ ಅಂದ್ರೆ ಗರಿಷ್ಠ ಮುಟ್ಟಿದ ಟನ್ನಿಗೆ ಕ್ರೆಡಿಟ್ ಕೊಡಲ್ಲ, ಏರಿಳಿತದ ದೀರ್ಘಾವಧಿ ಸರಾಸರಿ ತನಕ ಮಾತ್ರ, ಅಂದಾಜು ಅರ್ಧ. ಹಾಗಾಗಿ ಬೆಳೆದ ಮರ ಆರಿಸಿ ಕಡಿಯೋದು, ಕಾಡು ಕಾಡಾಗೇ ಉಳಿಸೋದು ಎರಡೂ ಲೆಕ್ಕಕ್ಕೆ ಒಳ್ಳೇದು.

ಪ್ರಾಜೆಕ್ಟಿಗೆ ಸೇರೋದು, ಸಹಿ ಹಾಕೋದು

ಎರಡು ಎಕರೆ ಇರೋರು ಒಬ್ಬರೇ ಮಾಡೋ ಕೆಲಸ ಅಲ್ಲ ಇದು, ಹೊರಗಿನ ಆಡಿಟ್ ಖರ್ಚೇ ಲಕ್ಷಗಟ್ಟಲೆ. ಸುಮಾರು ರೈತರನ್ನ ಸೇರಿಸಿ ಗುಂಪು ಪ್ರಾಜೆಕ್ಟ್ ಮಾಡ್ತಾರೆ, ನಿಮ್ಮೂರ ಸೊಸೈಟಿ ಅಥವಾ ರೈತ ಉತ್ಪಾದಕ ಕಂಪನಿ ಮುಂದೆ ನಿಂತ್ರೆ ಚೌಕಾಸಿ ಮಾಡೋಕೆ ಬಲ ಬರತ್ತೆ. ಅರಣ್ಯೀಕರಣಕ್ಕೆ ವೆರಾ ಸಂಸ್ಥೆ 2023ರಲ್ಲಿ ವಿಎಂ0047 ಅನ್ನೋ ವಿಧಾನ ತಂದಿದೆ, ನಿಮ್ಮ ಹತ್ರ ಬಂದೋರಿಗೆ ಯಾವ ವಿಧಾನದಲ್ಲಿ ನೋಂದಣಿ, ಪ್ರಾಜೆಕ್ಟ್ ನಂಬರ್ ಏನು ಅಂತ ಕೇಳಿ, ರಿಜಿಸ್ಟ್ರಿ ಎಲ್ಲರಿಗೂ ತೆರೆದಿರತ್ತೆ, ನೀವೇ ಹುಡುಕಿ ನೋಡ್ಬಹುದು. ಕೇಂದ್ರ ಸರ್ಕಾರದ ಗ್ರೀನ್ ಕ್ರೆಡಿಟ್ ಬೇರೆ, ಅದು 2023ರ ಅಕ್ಟೋಬರಲ್ಲಿ ಬಂದಿದ್ದು, ಅದನ್ನೂ ಕಾರ್ಬನ್ ಕ್ರೆಡಿಟ್ಟನ್ನೂ ಕಲಸಿ ಮಾತಾಡೋರು ಬಂದ್ರೆ ಹುಷಾರು.

ಕರಾರು ಕನ್ನಡದಲ್ಲಿ ಕೇಳಿ. ಮರ ನಿಮ್ಮದು, ಕಾರ್ಬನ್ ಹಕ್ಕು ಮಾತ್ರ ಅವರದ್ದು ಅಂತ ಸ್ಪಷ್ಟ ಬರೆದಿರ್ಬೇಕು. ಪಾಲು ಲೆಕ್ಕ ಹಾಕೋದು ಖರ್ಚು ಕಳೆಯೋ ಮುಂಚೆಯೋ ಆಮೇಲೋ, ಮಾರಿದ ರೇಟು ನಿಮಗೆ ತೋರಿಸ್ತಾರೋ ಇಲ್ವೋ, ಬೆಂಕಿ ಬಿದ್ದು ಮರ ಹೋದ್ರೆ ನಿಮ್ಮಿಂದ ದುಡ್ಡು ವಾಪಸ್ ಕೇಳ್ತಾರಾ, ಜಾಗ ಮಾರಬೇಕಾಗಿ ಬಂದ್ರೆ ಏನು, ಕಂಪನಿನೇ ಮುಚ್ಚಿ ಹೋದ್ರೆ ನಿಮ್ಮ ಹಕ್ಕು ನಿಮಗೆ ವಾಪಸ್ ಬರತ್ತಾ. ಇದಕ್ಕೆಲ್ಲ ಬಾಯಿಮಾತಲ್ಲಿ ಅಲ್ಲ, ಕಾಗದದಲ್ಲಿ ಉತ್ತರ ಬೇಕು. ಹೆಸರು ಸೇರಿಸೋಕೆ ನೀವೇ ಫೀ ಕಟ್ಟಿ ಅಂದ್ರೆ ಅಲ್ಲಿಗೇ ಬಿಟ್ಬಿಡಿ.

ಕೊನೇದಾಗಿ ಪಹಣಿ ಕೆಲಸ ಇನ್ನೂ ಒಂದಿದೆ. ಸಿಲ್ವರ್ ಓಕ್, ಗಾಳಿಮರ ತರದ ಕೆಲವಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯ್ತಿ ಇದೆ, ಸಾಗುವಾನಿ, ಹೊನ್ನೆ, ಬೀಟೆಗೆ ಕಡಿಯೋಕೂ ಪರವಾನಗಿ ಬೇಕು ಸಾಗಿಸೋಕೂ ಪಾಸ್ ಬೇಕು. ನೆಟ್ಟ ವರ್ಷವೇ ಗ್ರಾಮ ಆಡಳಿತ ಅಧಿಕಾರಿಗೆ ಅರ್ಜಿ ಕೊಟ್ಟು ಯಾವ ಜಾತಿ ಎಷ್ಟು ಗಿಡ ಅಂತ ಪಹಣಿಯಲ್ಲಿ ನಮೂದು ಮಾಡ್ಸಿ, ಸಸಿ ಖರೀದಿ ರಸೀದಿ, ಫೋಟೋ ಎಲ್ಲಾ ಒಂದು ಫೈಲಲ್ಲಿಡಿ. ಗಡಿಗೆ ತಾಗಿ ಅರಣ್ಯ ಇರೋ ಜಾಗಗಳಲ್ಲಿ, ಅಂದ್ರೆ ನಮ್ಮ ಜಿಲ್ಲೇಲಿ ಹೆಚ್ಚುಕಮ್ಮಿ ಎಲ್ಲಾ ಕಡೆ, ಮರ ಕಾಡಿನದ್ದಲ್ಲ, ನಾವು ನೆಟ್ಟಿದ್ದು ಅಂತ ನಿಮ್ಮ ಮಕ್ಕಳು ತೋರಿಸೋದು ಆ ಕಾಗದದಿಂದಲೇ.